ಕೆಡದಿದ್ದ ಯಂತ್ರ

ರಜಿಯಾ, ಆ ದಿನ ಯಂತ್ರ ಕೆಟ್ಟಿರಲಿಲ್ಲ. ಕೆಟ್ಟಿದೆ ಎಂದವನು ನಾನು — ನಿಮಗೆ ಅರಿವಳಿಕೆ ಕೊಟ್ಟ ಡಾಕ್ಟರು. ನಿಮ್ಮ ಗಂಡ ದಾವಲಸಾಬ ಕೊಪ್ಪಳಕ್ಕೆ ಹೋಗಬೇಕಾಗಿಯೇ ಇರಲಿಲ್ಲ.

ಸಿಜೇರಿಯನ್ ಮಾಡುವಾಗ ಹರಿದುಹೋಗುವ ರಕ್ತವನ್ನು ಹೀರಿ, ತೊಳೆದು, ಅದೇ ತಾಯಿಗೆ ಮತ್ತೆ ಏರಿಸುವ ಯಂತ್ರ ಅದು. ಗಂಗಾವತಿಯ ನಮ್ಮ ಆಸ್ಪತ್ರೆಗೆ ಹೊಸದಾಗಿ ಬಂದಿತ್ತು. ಕಲಿತು ಬರಲು ನನ್ನನ್ನೇ ಕಳಿಸಿದ್ದರು. ತರಬೇತಿಯನ್ನು ಅರ್ಧಕ್ಕೇ ಬಿಟ್ಟು ಗೆಳೆಯನ ಮದುವೆಗೆ ಹೋದೆ. ಬಂದು, ಎಲ್ಲ ಕಲಿತೆ ಎಂದೆ. ಆಮೇಲಾದರೂ ಕೇಳಿ ತಿಳಿಯಬಹುದಿತ್ತು — ನಾಚಿಕೆ ಬಿಡಲಿಲ್ಲ.

ನಿಮ್ಮದು ಸುಲಭವಾಗಿ ಸಿಗದ ಗುಂಪಿನ ರಕ್ತ. ಮಗು ಹೊರಬಂದ ಮೇಲೆ ಮಾಸು ಬಿಡಲಿಲ್ಲ, ರಕ್ತ ನಿಲ್ಲಲಿಲ್ಲ. ಆಪರೇಷನ್ ಮಾಡುತ್ತಿದ್ದ ಮೇಡಂ ನಿಮ್ಮ ಹೊಟ್ಟೆಯಿಂದ ಕಣ್ಣು ತೆಗೆಯದೆ ಹೇಳಿದರು: "ಆ ಮಷಿನ್ ಹಚ್ರಿ, ಲಗೂನ."

"ಕೆಟ್ಟೈತ್ರಿ ಮೇಡಂ," ಎಂದೆ.

ಅಷ್ಟೇ ಮಾತು. ನಿಮಗೆ ಹೊಂದುವ ರಕ್ತ ಕೊಪ್ಪಳದಲ್ಲಿ ಮಾತ್ರ ಇತ್ತು. ಬಾಗಿಲಲ್ಲಿ ನಿಂತಿದ್ದ ದಾವಲಸಾಬನಿಗೆ ಅದನ್ನು ನಾನೇ ಹೇಳಿದೆ. "ನಾ ತರ್ತೀನ್ರಿ ಸರ. ಅಲ್ಲೀತನಕ ಆಕಿನ್ನ ಜ್ವಾಕಿ ನೋಡ್ಕೋರಿ," ಎಂದು ಬೈಕ್ ಹತ್ತಿದ. ಆಗಲಾದರೂ ನಾನು — ಇಲ್ಲ, ತಡೆಯಲಿಲ್ಲ.

ರಕ್ತ ತೆಗೆದುಕೊಂಡು ಮರಳುವಾಗ ಭತ್ತದ ಲಾರಿ ಹಾಯ್ದಿತು. ಆತ ಅಲ್ಲೇ ಹೋದ. ರಸ್ತೆಯಲ್ಲಿ ಬಿದ್ದಿದ್ದ ರಕ್ತದ ಐಸ್ ಪೆಟ್ಟಿಗೆಯನ್ನು, ಮೇಲಿನ ಚೀಟಿ ನೋಡಿ, ಆಟೋದವರೊಬ್ಬರು ತಂದು ಮುಟ್ಟಿಸಿದರು. ಒಳಗಿನ ಚೀಲಗಳು ಒಡೆದಿರಲಿಲ್ಲ. ಆ ರಕ್ತವನ್ನು ನಾನೇ ನಿಮಗೆ ಏರಿಸಿದೆ. ನೀವು ಉಳಿದಿರಿ. ನಿಮ್ಮ ಅಣ್ಣ ನನಗೆ ಕೈ ಮುಗಿದ.

ಹೊಲಿಗೆ ಬಿಚ್ಚಿಸಲು ಬಂದ ದಿನ, ಮಗಳನ್ನು ಮಡಿಲಲ್ಲಿಟ್ಟುಕೊಂಡು ನೀವು ಕೇಳಿದಿರಿ: "ನನ್ನ ರಕ್ತನ ಕೆಟ್ಟದೇನ್ರಿ ಡಾಕ್ಟರ? ಎಲ್ಲಾರ್ಗತೆ ಇದ್ದಿದ್ರ ಅವ್ರು ಹೋಗ್ತಿದ್ದಿಲ್ಲ. ನಮ್ಮ ಅತ್ತಿ ಅಂತಾರ, ಗಂಡನ್ನ ತಿಂದಾಕಿ ಅಂತ."

ಇಲ್ಲ ತಂಗಿ, ಎನ್ನಲು ಬಾಯಿ ತೆರೆದೆ. ಇಲ್ಲ ಎಂದಿದ್ದರೆ — ಮತ್ತೆ ಯಾಕೆ ಹೋದರು, ಎಂದು ಕೇಳುತ್ತಿದ್ದಿರಿ. "ದೇವರ ಇಚ್ಛಾ," ಎಂದುಬಿಟ್ಟೆ.

ಮುಂದೆ ಆ ಯಂತ್ರ ನಡೆಸಲು ಕಲಿತೆ. ಕಷ್ಟವೇನೂ ಇರಲಿಲ್ಲ, ಅದೇ ನನ್ನನ್ನು ಸುಡುವುದು. ಬೇರೆ ತಾಯಂದಿರಿಗೆ ಅವರದೇ ರಕ್ತ ಏರಿಸುತ್ತ ನಿಂತಾಗಲೆಲ್ಲ, ಇಷ್ಟಕ್ಕೇ ಆ ಮನುಷ್ಯ ಸತ್ತ ಎಂದುಕೊಳ್ಳುತ್ತೇನೆ.

ನಿಮ್ಮೂರು ಮರಳಿಯಿಂದ ಬಂದವರು ಮೊನ್ನೆ ಹೇಳಿದರು: ಅತ್ತೆ ಇಂದಿಗೂ ನಿಮ್ಮ ಕೈಯ ನೀರು ಕುಡಿಯುವುದಿಲ್ಲವಂತೆ. ನಾಳೆ ನಿಮ್ಮ ಮನೆಗೆ ಬರುತ್ತೇನೆ. ಅವರ ಎದುರೇ ಇದನ್ನೆಲ್ಲ ಹೇಳುತ್ತೇನೆ. ಅವರು ನಂಬದೆಯೂ ಇರಬಹುದು — ಇಷ್ಟು ವರ್ಷದ ಸಿಟ್ಟು ಒಂದು ಮಾತಿಗೆ ಇಳಿಯುವುದಿಲ್ಲ. ಕ್ಷಮಿಸಿ ಎಂದು ಮಾತ್ರ ಕೇಳಲಾರೆ, ರಜಿಯಾ. ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ.