ಡಬ್ಬಿಯಲ್ಲಿ ಕಾಣದ ಎಣ್ಣೆ

ನನ್ನ ಅಪ್ಪನೂ ನಮ್ಮನೆಯವರೂ ಮಾತು ಬಿಟ್ಟು ಆಗಲೇ ಸುಮಾರು ವರ್ಷಗಳಾಗಿದ್ದವು. ಕಾರಣ ಆಸ್ತಿಯಲ್ಲ, ವರದಕ್ಷಿಣೆಯಲ್ಲ. ಮದುವೆಯಾದ ಹೊಸದರಲ್ಲಿ ಮಡಕಶಿರಕ್ಕೆ ಬಂದ ಅಳಿಯಂದಿರು ಅಂಗಳದಲ್ಲಿದ್ದ ಅಪ್ಪನ ಹಳೇ ಮೋಟಾರ್ ಸೈಕಲ್ ನೋಡಿ, ಇದನ್ನ ಇನ್ನೂ ಗುಜರಿಗೆ ಹಾಕಿಲ್ಲೇನ್ರಿ ಎಂದು ಕೇಳಿಬಿಟ್ಟಿದ್ದರು. ಅಪ್ಪ ಆ ಗಾಡಿಗೆ ರೇಷ್ಮೆಗೂಡಿನ ಚೀಲ ಕಟ್ಟಿಕೊಂಡು ಹಿಂದೂಪುರದ ಮಾರ್ಕೆಟ್ಟಿಗೆ ಓಡಾಡಿ ನಮ್ಮನ್ನು ಸಾಕಿದವನು. ಅವತ್ತಿನಿಂದ ಇಬ್ಬರೂ ಒಂದೇ ಸಾಲಿನಲ್ಲಿ ಊಟಕ್ಕೆ ಕೂತರೂ ಮಾತು ನನ್ನ ಮೂಲಕವೇ. ಅವಯ್ಯಂಗೆ ಇನ್ನೊಂದು ಮುದ್ದೆ ಬೇಕಾ ಕೇಳು ಎಂದು ಅಪ್ಪ. ನಿಮ್ಮಪ್ಪಾರಿಗೆ ಸಾಕನ್ನು ಎಂದು ಇವರು. ಇಬ್ಬರ ಕಿವಿಗಳೂ ಗಟ್ಟಿಮುಟ್ಟಾಗಿಯೇ ಇದ್ದವು.

ರಾಯದುರ್ಗದಲ್ಲಿ ನಮ್ಮದು ಜೀನ್ಸ್ ಹೊಲಿಯುವ ಕಸುಬು. ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಮೆಷೀನುಗಳು, ಹಿಂದಿನ ಒಂದರಲ್ಲಿ ನಾವು. ಒಂದು ಸಲ ಪ್ಯಾಂಟು ಕೊಳ್ಳಲು ಬಂದ ಬೆಂಗಳೂರಿನ ವ್ಯಾಪಾರಿ, ಈಗ ಹಳೇ ಮೋಟಾರ್ ಸೈಕಲ್ಲುಗಳನ್ನು ಜನ ದೇವರ ಹಾಗೆ ಇಟ್ಟುಕೊಳ್ಳುತ್ತಾರೆ ಎಂದ. ಹೇಳಿದವನು ಬೆಂಗಳೂರಿನವನಾದ್ದರಿಂದ ಅದು ನಿಜವೇ ಇರಬೇಕು. ಗುಜರಿ ಅಂದ ಇವರ ಬಾಯಲ್ಲೇ ‘ವಿಂಟೇಜ್’ ಎಂಬ ಮಾತು ಬಂತು. ಗಾಡಿ ಸುಮ್ಮನೆ ನಿಂತಿರೋದಾದರೆ ನಮಗೆ ಕೊಡಬಹುದೇನೋ ಕೇಳು ಎಂದು ನನ್ನನ್ನೇ ಮುಂದೆ ಬಿಟ್ಟರು.

ಅಪ್ಪನಿಗೆ ಮಂಡಿನೋವು, ಕಿಕ್ ಹೊಡೆಯಲು ಆಗುತ್ತಿರಲಿಲ್ಲ. ರೇಷ್ಮೆಹುಳದ ಮನೆಯ ಪಕ್ಕ ಗಾಡಿಯ ಹೊಗೆ ಬೇಡವೆಂದು ಅಮ್ಮನಿಗೆ ಮೊದಲಿನಿಂದ ಹಟ. ಗಾಡಿ ಒಂದು ಲಗೇಜ್ ಆಟೋ ಹತ್ತಿ ರಾಯದುರ್ಗಕ್ಕೆ ಬಂತು. ಜೊತೆಗೆ ಅಪ್ಪನ ಒಂದೇ ಮಾತು: “ಎಣ್ಣೆ ವಿಷ್ಯ ಕೇಳಿದ್ರೆ ಹೇಳ್ತೀನಿ ಅಂತ ಹೇಳವ್ವ.”

ಇವರು ಕೇಳಲಿಲ್ಲ. ಇಷ್ಟೆಲ್ಲ ಮೆಷೀನಿಗೆ ಎಣ್ಣಿ ಹಾಕೋರಿಗೆ ಇದೊಂದು ಗೊತ್ತಾಗಂಗಿಲ್ಲೇನು ಎಂದರು.

ಆ ಗಾಡಿಯಲ್ಲಿ ಎಣ್ಣೆ ಇರುವುದು ಇಂಜಿನ್ನಿನೊಳಗಲ್ಲ, ಸೀಟಿನ ಕೆಳಗೆ ಒಂದು ಬೇರೆ ಡಬ್ಬಿಯಲ್ಲಿ. ಬೆಳಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಇವರು ಡಬ್ಬಿಯ ಮುಚ್ಚಳ ತೆಗೆದು ನೋಡುವರು. ಎಣ್ಣೆ ಇಳಿದಿರುತ್ತಿತ್ತು. ತುಂಬಿಸುವರು. ಗಾಡಿಯನ್ನು ಒರೆಸಿ, ನೆರೆಯವರಿಗೆ ತೋರಿಸಿ, ಮತ್ತೆ ಹೊದಿಕೆ ಹಾಕುವರು. ಓಡಿಸಿದ್ದು ಕಡಿಮೆ. ಆದರೂ ಕೆಲವು ದಿನ ಬಿಟ್ಟು ನೋಡಿದರೆ ಮತ್ತೆ ಖಾಲಿ. ಮತ್ತೆ ತುಂಬಿಸುವುದು. ನೆಲದ ಮೇಲೆ ಒಂದು ತೊಟ್ಟೂ ಬಿದ್ದಿರುತ್ತಿರಲಿಲ್ಲ. ಹೋದ ಎಣ್ಣೆ ಎಲ್ಲಿಗೆ ಹೋಯಿತೆಂದು ಕೇಳಿದೆ. ಹಳೇ ಇಂಜಿನ್ ಎಣ್ಣಿ ಕುಡೀತಾವ, ನಿನಗ ತಿಳಿಯಂಗಿಲ್ಲ ಎಂದರು. ನನಗೆ ತಿಳಿಯಲಿಲ್ಲ, ಅದಂತೂ ನಿಜ.

ಬೆಳುಗುಪ್ಪದಲ್ಲಿ ಇವರ ಅಕ್ಕನ ಮನೆಯಲ್ಲಿ ಮಗುವಿಗೆ ಹೆಸರಿಡುವ ದಿನ ವಿಂಟೇಜಿನಲ್ಲೇ ಹೋಗುವುದೆಂದು ತೀರ್ಮಾನವಾಯಿತು. ಬಸ್ಸಿದೆ ಎಂದ ನನ್ನ ಮಾತು ಯಾರಿಗೂ ಕೇಳಲಿಲ್ಲ. ತಿಳಿ ಹಳದಿ ರೇಷ್ಮೆ ಸೀರೆ ಉಟ್ಟು ಹಿಂದೆ ಕೂತೆ. ಗಾಡಿ ಹೊರಟಿದ್ದೇ ಹಿಂದಿನಿಂದ ಎದ್ದ ಬಿಳಿ ಹೊಗೆಯಲ್ಲಿ ನಮ್ಮ ಬೀದಿ ಮಾಯವಾಯಿತು. ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತವರು ಕೆಮ್ಮುವುದಷ್ಟೇ ಕೇಳಿಸುತ್ತಿತ್ತು. ಅಷ್ಟರಲ್ಲಿ ಕಾಲಿಗೆ ಏನೋ ಬೆಚ್ಚಗಾಯಿತು. ಡಬ್ಬಿ ಉಕ್ಕಿ, ಎಣ್ಣೆ ನನ್ನ ಸೀರೆಯ ಮೇಲೆ ಹರಿದು ಹಿಂದಿನ ಚಕ್ರಕ್ಕೂ ಇಳಿಯುತ್ತಿತ್ತು. ತಿರುವಿನಲ್ಲಿ ಗಾಡಿ ಜಾರಿತು. ಯಾವುದೋ ಹೊಲಿಗೆ ಘಟಕದವರು ರಸ್ತೆಬದಿಗೆ ಸುರಿದಿದ್ದ ಜೀನ್ಸ್ ಚಿಂದಿಯ ರಾಶಿಯ ಮೇಲೆ ನಾವಿಬ್ಬರೂ ಬಿದ್ದೆವು. ನಮ್ಮೂರಿನ ಉದ್ಯಮದಿಂದ ನನಗಾದ ದೊಡ್ಡ ಉಪಕಾರ ಅದೇ. ಮೈಗೆ ಒಂದು ಗೀರೂ ಆಗಲಿಲ್ಲ.

ಗಾಡಿಯನ್ನು ಮನೆಗೆ ತಳ್ಳಿಕೊಂಡು ಬಂದ ಮೇಲೆ ನಮ್ಮ ಬೀದಿಯ ಮೆಕ್ಯಾನಿಕ್ ಅದರ ಸುತ್ತ ಒಂದು ಸುತ್ತು ಬಂದು, ಇಂಜಿನ್ ಹೋಯ್ತು, ಪೂರ್ತಿ ಬಿಚ್ಚಬೇಕು ಎಂದ. ಬಿಚ್ಚಿದ ಮೇಲೆ ಜೋಡಿಸಲು ಬರುತ್ತದಾ ಎಂದು ನಾನು ಕೇಳಿದೆ. ಆತ ನಕ್ಕ. ಒಳಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ.

ಅಪ್ಪ ಮಾರನೇ ದಿನವೇ ಬಸ್ಸಿನಲ್ಲಿ ಬಂದ. ನೀರು ಕೂಡ ಕುಡಿಯದೆ ಗಾಡಿಯ ಪಕ್ಕ ಮಣೆ ಹಾಕಿಸಿಕೊಂಡು ಕೂತ. ಇವರು ಬಾಗಿಲಿಗೆ ಒರಗಿ ನಿಂತರು. ನಾನು ನಡುವೆ, ಎಂದಿನ ಜಾಗದಲ್ಲಿ.

ಎಣ್ಣೆ ಯಾವಾಗ ನೋಡಿ ಹಾಕಿದ್ದು ಅಂತ ಕೇಳು ಎಂದ ಅಪ್ಪ. ಬೆಳಗ್ಗೆ, ಸ್ಟಾರ್ಟ್ ಮಾಡೋಕ್ಕಿಂತ ಮುಂಚೆ ಅನ್ನು ಎಂದರು ಇವರು. ಅಪ್ಪ ಹಣೆಗೆ ಕೈ ಹಚ್ಚಿದ. ಇಂಜಿನ್ನಿನ ಹೊಟ್ಟೆಯ ಕೆಳಗೆ ಬೇಸಿನ್ ಇಡಿಸಿ ನಟ್ಟು ಬಿಚ್ಚಿಸಿದ. ಎಣ್ಣೆ ಸುರಿಯಿತು, ಸುರಿಯುತ್ತಲೇ ಇತ್ತು. ಬೇಸಿನ್ ತುಂಬಿತು, ಬಕೆಟ್ ತಂದೆ. ಇವರು ತಿಂಗಳುಗಟ್ಟಲೆ ಸುರಿದದ್ದೆಲ್ಲ ಅಲ್ಲೇ ಕೂತಿತ್ತು. ಇಂಜಿನ್ ಏನೂ ಕುಡಿದಿರಲಿಲ್ಲ.

ಅಪ್ಪ ನನಗೆ ಹೇಳತೊಡಗಿದ. ಒಳಗಿನ ಪಂಪು ಎರಡು ಕೆಲಸ ಮಾಡುತ್ತದಂತೆ. ಡಬ್ಬಿಯ ಎಣ್ಣೆಯನ್ನು ಇಂಜಿನ್ನಿಗೆ ಕೊಡುವುದು ಒಂದು, ಕೆಳಗೆ ಬಿದ್ದ ಎಣ್ಣೆಯನ್ನು ಎತ್ತಿ ವಾಪಸ್ ಡಬ್ಬಿಗೆ ಹಾಕುವುದು ಇನ್ನೊಂದು. ಗಾಡಿ ನಿಂತೇ ಇದ್ದರೆ ಡಬ್ಬಿಯ ಎಣ್ಣೆ ಸವೆದ ಪಂಪಿನೊಳಗಿಂದ ಮೆಲ್ಲಗೆ ಹೊಟ್ಟೆಗೆ ಇಳಿಯುತ್ತದೆ. ಸ್ಟಾರ್ಟ್ ಮಾಡಿದರೆ ಅದೆಲ್ಲ ವಾಪಸ್ ಮೇಲೇರುತ್ತದೆ, ಡಬ್ಬಿ ಆಗಲೇ ತುಂಬಿದ್ದರೆ ಉಕ್ಕುತ್ತದೆ. ನಾನು ಇದನ್ನು ಇವರ ಕಡೆ ತಿರುಗಿ ಒಪ್ಪಿಸಲು ಹೋಗಿ, ಎತ್ತುವುದನ್ನು ಕೊಡುವುದೆಂದೆ, ಕೊಡುವುದನ್ನು ಎತ್ತುವುದೆಂದೆ. ಮೂರನೇ ಸಲವೂ ತಪ್ಪಿದಾಗ ಅಪ್ಪನ ತಾಳ್ಮೆ ಮುಗಿಯಿತು.

ನನ್ನನ್ನು ಪಕ್ಕಕ್ಕೆ ಸರಿಸಿ, “ಇಲ್ಲಿ ಬಾಪ್ಪ,” ಎಂದ. “ಸ್ಟಾರ್ಟ್ ಮಾಡು. ಮುಚ್ಚಳ ತೆಗ್ದು ಒಳಗೆ ನೋಡು.”

ಡಬ್ಬಿಗೆ ಅಳತೆಯಾಗಿ ಹೊಸ ಎಣ್ಣೆ ಹಾಕಿ ಇವರು ಕಿಕ್ ಹೊಡೆದರು. ಮೊದಲು ಒಂದಿಷ್ಟು ಹೊಗೆ ಬಂದು ಆಮೇಲೆ ನಿಂತಿತು. ಇಬ್ಬರೂ ತಲೆಗೆ ತಲೆ ತಾಗಿಸಿ ಡಬ್ಬಿಯೊಳಗೆ ಬಗ್ಗಿದರು. ಮೇಲಿನ ಸಣ್ಣ ನಳಿಗೆಯಿಂದ ಎಣ್ಣೆ ಚಿಲ್ಲನೆ ಬಂದು ಬೀಳುತ್ತಿತ್ತು. ಹಾಗೆ ಬೀಳುತ್ತಿದ್ದರೆ ಇಂಜಿನ್ನಿಗೆ ಎಣ್ಣೆ ಹರಿಯುತ್ತಿದೆ ಎಂದು ಅರ್ಥ, ಒಂದಿಷ್ಟು ಓಡಿಸಿ ಆಮೇಲೆಯೇ ಮಟ್ಟ ನೋಡಬೇಕು ಎಂದ ಅಪ್ಪ.

ಇವರು ತುಂಬ ಹೊತ್ತು ನೋಡಿ, “ಮೊದ್ಲ ಯಾಕ ಹೇಳ್ಲಿಲ್ರಿ ಮಾವ?” ಎಂದರು.

“ನೀನು ಕೇಳ್ಲಿಲ್ಲ.”

ಇಷ್ಟು ವರ್ಷದ ಜಗಳದ ಪಂಚಾಯ್ತಿ ಅಷ್ಟಕ್ಕೇ ಮುಗಿಯಿತು. ನಾನು ಒಳಗೆ ಹೋಗಿ ಸೀರೆಗೆ ಸೀಗೆಪುಡಿ ಹಚ್ಚಿದೆ. ಕಲೆ ಹೋಗಲಿಲ್ಲ. ಅದರ ಬಗ್ಗೆ ಇಬ್ಬರೂ ಏನೂ ಕೇಳಲಿಲ್ಲ.

ಮರುದಿನ ಬೆಳಗ್ಗೆ ಮಾವ ಅಳಿಯ ಇಬ್ಬರೇ ಭೈರವಾನಿತಿಪ್ಪದ ಡ್ಯಾಮ್ ನೋಡಿಬರುತ್ತೇವೆಂದು ಹೊರಟರು. ಹೊರಡುವ ಮುಂಚೆ ಎಣ್ಣೆ ಬೀಳುವುದನ್ನು ಒಬ್ಬರಾದ ಮೇಲೆ ಒಬ್ಬರು ನೋಡಿದರು. ಮಧ್ಯಾಹ್ನದ ಊಟಕ್ಕೆ ಬರಬೇಕಿದ್ದವರು ಹೊತ್ತು ಇಳಿದ ಮೇಲೆ ಬಂದರು. ಇವರು ಗಾಡಿ ತಳ್ಳುತ್ತಿದ್ದರು, ಅಪ್ಪ ಕುಂಟುತ್ತ ಹಿಂದಿನಿಂದ ಕೈ ಕೊಡುತ್ತಿದ್ದ. ಎಣ್ಣೆ ಸರಿಯಾಗಿಯೇ ಇತ್ತಂತೆ. ಪೆಟ್ರೋಲ್ ಮಾತ್ರ ಯಾರೂ ನೋಡಿರಲಿಲ್ಲ. ಬಿಸಿಲಲ್ಲಿ ಅಷ್ಟು ದೂರ ನಡೆದಿದ್ದರೂ ಇಬ್ಬರ ಮಾತು ಇನ್ನೂ ಮುಗಿದಿರಲಿಲ್ಲ. ತಟ್ಟೆ ಇಟ್ಟು ಎರಡು ಸಲ ಕರೆದೆ, ಯಾರೂ ಒಳಗೆ ಬರಲಿಲ್ಲ.