ಅತ್ತೆಯ ತೋಟವಿದ್ದ ಕ್ಯಾಸೆಟ್ಟು

ಡೌನ್‌ಲೋಡ್ ಅನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ನನ್ನ ಸೋದರಮಾವನ ಮುಖ ಹರಳೆಣ್ಣೆ ಕುಡಿದವರ ಹಾಗಾಗುತ್ತದೆ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಕನ್ನಡಕದ ಅಂಗಡಿಗೂ ಕ್ಷೌರದಂಗಡಿಗೂ ನಡುವೆ ಅವರ ಅಂಗಡಿ. ಗಿರಾಕಿಗಳು ಇಬ್ಬರು ಬಂದರೆ ಒಬ್ಬರು ಮೆಟ್ಟಿಲ ಮೇಲೇ ನಿಲ್ಲಬೇಕು. ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮುಗಳನ್ನು ರಿಪೇರಿ ಮಾಡುತ್ತಾರೆ, ಅವಕ್ಕೆ ಹಾಕುವ ಹಳೆಯ ಆಟದ ಕ್ಯಾಸೆಟ್ಟುಗಳನ್ನು ಕೊಂಡು ಮಾರುತ್ತಾರೆ. ಊರಿಗೆಲ್ಲ ಅವರು ಕ್ಯಾಸೆಟ್ ಮಾಮ.

ಕೊಂಡು ಮಾರುತ್ತಾರೆ ಅಂದೆನಲ್ಲ, ಕೊಳ್ಳುವುದರಲ್ಲಿ ಅವರದೊಂದು ಪದ್ಧತಿಯಿದೆ. ಮಾರಲು ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ಅವರು ತಂದ ಕ್ಯಾಸೆಟ್ಟನ್ನೇ ಮೆಷಿನ್ನಿಗೆ ಹಾಕಿ ಆನ್ ಮಾಡಿ ಕೈಗೆ ಕೊಡುತ್ತಾರೆ. "ಕೊನೇ ಸಲ ನೋಡ್ಕೊಂಡ್ಬಿಡಪ್ಪ. ನೀನು ಆಡಿದ್ದೆಲ್ಲ ಇದರೊಳಗಿದೆ. ಆಮೇಲೆ ಅಳಿಸ್ತೀನಿ." ಬಂದವರಲ್ಲಿ ಅರ್ಧ ಜನ ಅದನ್ನು ಜೇಬಿಗಿಳಿಸಿಕೊಂಡು ಮನೆಗೆ ಹೋಗುತ್ತಿದ್ದರು. "ಇವರು ವ್ಯಾಪಾರ ಮಾಡ್ತಾರೋ, ಬಂದ ವ್ಯಾಪಾರ ಓಡಿಸ್ತಾರೋ ಗೊತ್ತಾಗಲ್ಲ ಕಣೆ," ಎಂದು ನಮ್ಮತ್ತೆ ನಗುತ್ತಿದ್ದರು.

ನಾನು ಡೌನ್‌ಲೋಡ್ ಪಕ್ಷದವಳು. ಪ್ರತಿ ಭಾನುವಾರ ಅಂಗಡಿಗೆ ಹೋಗಿ ಮಾವನ ಜೊತೆ ಜಗಳ ಕಾಯುವುದು ನನ್ನ ವಾರದ ಕೆಲಸ. ಧೂಳಿಲ್ಲ, ಕಳೆದುಹೋಗುವ ಭಯವಿಲ್ಲ, ಬೇಕೆಂದಾಗ ಬೇಕಾದ ಆಟ ಎಂದು ನಾನು. "ಕೈಗೆ ಸಿಗದ್ದು ನಿಂದು ಹೇಗಾಗತ್ತೆ?" ಎಂದು ಅವರು. ಒಮ್ಮೆ ನನ್ನ ಹಳೆಯ ಮೆಷಿನ್ನಿಗೆ ಆಟ ಕೊಡುತ್ತಿದ್ದ ಆನ್‌ಲೈನ್ ಅಂಗಡಿಯೇ ಬಾಗಿಲು ಹಾಕಿತು. ಜಾಗ ಸಾಲದೆ, ಬೇಕಾದಾಗ ಇಳಿಸಿಕೊಳ್ಳೋಣವೆಂದು ಅಳಿಸಿದ್ದ ಆಟಗಳು ಮತ್ತೆ ಇಳಿಯಲೇ ಇಲ್ಲ. ಮಾವ ಒಂದು ವಾರ ಕಾಲರ್ ಏರಿಸಿಕೊಂಡು ಓಡಾಡಿದರು. ನನಗೆ ಮೈಯೆಲ್ಲ ಉರಿಯಿತು.

ಅತ್ತೆಗೆ ಈ ಜಗಳದ ಗೊಡವೆಯಿರಲಿಲ್ಲ. ಅಂಚೆ ಕಚೇರಿಯಿಂದ ಬಂದು, ಕಾಲು ಚಾಚಿ ಕೂತು, ಒಂದೇ ಒಂದು ಆಟ ಆಡುತ್ತಿದ್ದರು. ಅದರಲ್ಲಿ ಒಂದು ತೋಟ ಮಾಡಬೇಕು. ಬಿತ್ತಬೇಕು, ನೀರು ಹಾಕಬೇಕು, ಸಂಜೆಯಾದರೆ ಹೋಗಿ ಮಲಗಬೇಕು. ಮಲಗಿದರೆ ಅಂದಿನ ದಿನ ಸೇವ್ ಆಗುತ್ತದೆ, ಬೆಳಗಾಗುತ್ತದೆ. ಹಾಗೆ ಸೇವ್ ಆಗಿದ್ದನ್ನು ಕ್ಯಾಸೆಟ್ಟಿನೊಳಗಿನ ಗುಂಡಿಯಷ್ಟು ಚಿಕ್ಕ ಸೆಲ್ಲು ಕಾಯುತ್ತದೆ. ಸೆಲ್ಲು ಸತ್ತರೆ ಎಲ್ಲ ಅಳಿಸಿಹೋಗುತ್ತದೆ. ಅದನ್ನು ಎಚ್ಚರಿಕೆಯಿಲ್ಲದೆ ಬಿಚ್ಚಿದರೂ ಅಷ್ಟೆ.

ಮಾವ ಒಂದು ಸಲ ಬಿಚ್ಚಿದ್ದರು. ಹೆಂಡತಿ ಕೇಳದಿದ್ದರೂ ಉಪಕಾರ ಮಾಡಲು ಹೋಗಿ, ಹೊಸ ಸೆಲ್ಲು ಬೆಸೆದು, ಏಳು ತಿಂಗಳ ತೋಟವನ್ನು ನೆಲಸಮ ಮಾಡಿಟ್ಟರು. ಊರವರ ಕ್ಯಾಸೆಟ್ಟಿಗಾದರೆ ಹೊರಗಿನಿಂದ ಕರೆಂಟು ಕೊಟ್ಟುಕೊಂಡೇ ಸೆಲ್ಲು ಬದಲಿಸುವ ಮನುಷ್ಯ, ಮನೆಯದೆಂದು ಮೈಮರೆತಿದ್ದರು. ಅತ್ತೆ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ, "ಇರ್ಲಿ ಬಿಡಿ, ಮತ್ತೆ ಬಿತ್ತಿದ್ರಾಯ್ತು," ಎಂದು ಮೊದಲಿನಿಂದ ಶುರು ಮಾಡಿದರು.

ಆ ಎರಡನೆಯ ತೋಟವನ್ನು ಬಿಟ್ಟು ಅತ್ತೆ ಹೋಗಿ ನಾಲ್ಕು ವರ್ಷವಾಯಿತು.

ಹೋದ ತಿಂಗಳು ಮಾವ ನನ್ನನ್ನು ಕರೆಸಿದರು. ಕ್ಯಾಸೆಟ್ಟು ಮೇಜಿನ ಮೇಲಿತ್ತು. "ಸೆಲ್ಲು ಇಳೀತಾ ಇದೆ. ಇನ್ನೊಂದು ತಿಂಗಳು ಬಂದ್ರೆ ಹೆಚ್ಚು," ಎಂದರು. ಆಮೇಲೆ ಬಲಗೈ ಮುಂದೆ ಚಾಚಿದರು. ಬೆರಳು ನಡುಗುತ್ತಿತ್ತು. "ಕರೆಂಟು ಕೊಟ್ಕೊಂಡು ಬದಲಿಸೋವಾಗ ಒಂಚೂರು ಅಲುಗಿದ್ರೂ ಮುಗೀತು. ಒಂದು ಸಲ ಕಳೆದೆ. ಇನ್ನೊಂದು ಸಲ ಕಳೆದ್ರೆ ಮತ್ತೆ ಬಿತ್ತೋಕೆ ಅವಳಿಲ್ಲ."

ನನಗೆ ದಾರಿ ಗೊತ್ತಿತ್ತು. ಹೇಳಿದರೆ ಎಲ್ಲಿ ಉಗಿಸಿಕೊಳ್ಳಬೇಕಾಗುತ್ತದೋ ಎಂದು ಹಿಂದೆಮುಂದೆ ನೋಡಿ, ಕೊನೆಗೆ ಹೇಳಿಯೇಬಿಟ್ಟೆ. ಕ್ಯಾಸೆಟ್ಟಿನಲ್ಲಿರುವುದನ್ನು ಕಂಪ್ಯೂಟರಿಗೆ ನಕಲು ಮಾಡುವ ಪುಟ್ಟ ಡಬ್ಬಿಯೊಂದು ಸಿಗುತ್ತದೆ. ನಕಲು ಇಟ್ಟುಕೊಂಡು ಸೆಲ್ಲು ಬದಲಿಸಿ, ತಿರುಗಿ ತುಂಬಿದರಾಯಿತು.

"ಅಂದ್ರೆ ಡೌನ್‌ಲೋಡು," ಎಂದರು ಮಾವ.

"ಹೂಂ. ಡೌನ್‌ಲೋಡೇ ಅನ್ಕೊಳ್ಳಿ."

ಎರಡು ಭಾನುವಾರ ಮಾವ ಆ ಮಾತೇ ಎತ್ತಲಿಲ್ಲ. ಮೂರನೆಯ ಭಾನುವಾರ ನಾನು ಹೋಗುವಷ್ಟರಲ್ಲಿ ಮೇಜು ಒರೆಸಿ, ಬೆಸುಗೆ ಕಡ್ಡಿ ಕಾಯಿಸಿ ಕೂತಿದ್ದರು. ನಾನು ನಕಲು ತೆಗೆದೆ. ಒಂದೇ ಕಡೆ ಇಟ್ಟರೆ ಅವರ ಪ್ರಾಣ ಬಾಯಿಗೆ ಬರುತ್ತದೆಂದು ಮೂರು ಕಡೆ ಇಟ್ಟೆ. ಅವರು ಕ್ಯಾಸೆಟ್ಟು ಬಿಚ್ಚಿ ಹಳೆಯ ಸೆಲ್ಲು ತೆಗೆದರು. ಅದನ್ನು ಅಂಗೈಯಲ್ಲಿಟ್ಟುಕೊಂಡು ನನ್ನತ್ತ ನೋಡಿದರು.

"ಈಗ ಅವಳ ತೋಟ ಎಲ್ಲಿದೆ?"

"ಇದರಲ್ಲಿ, ಮಾವ," ಎಂದು ಲ್ಯಾಪ್‌ಟಾಪ್ ತೋರಿಸಿದೆ.

ಅವರು ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಎಡಗೈ ಇಟ್ಟರು. ಹೊಸ ಸೆಲ್ಲು ಬೆಸೆಯುವಾಗ ಕಡ್ಡಿ ಹಿಡಿಯಲು ಅವರ ಬಲಗೈ, ಕ್ಯಾಸೆಟ್ಟು ಒತ್ತಿಹಿಡಿಯಲು ನನ್ನ ಕೈ. ಅವರ ಎಡಗೈ ಮಾತ್ರ ಅಲ್ಲಿಂದ ಏಳಲಿಲ್ಲ. ಇಷ್ಟು ವರ್ಷ ಅವರು ನನ್ನನ್ನು ಆಡಿಕೊಂಡದ್ದಕ್ಕೆಲ್ಲ ಅವತ್ತೇ ಸೇಡು ತೀರಿಸಿಕೊಳ್ಳಬಹುದಿತ್ತು. ನಾನು ಕ್ಯಾಸೆಟ್ಟನ್ನು ಇನ್ನಷ್ಟು ಗಟ್ಟಿಯಾಗಿ ಒತ್ತಿಹಿಡಿದೆ.

ತಿರುಗಿ ತುಂಬಿ, ಆನ್ ಮಾಡಿದೆವು. ತೋಟ ಇದ್ದ ಹಾಗೇ ಬಂತು. ಬೆಳಗಿನ ಹೊತ್ತು, ಐದು ಪಾತಿ, ಐದೂ ಒಣಗಿದ್ದವು. ಅತ್ತೆ ಕೊನೆಯ ಸಲ ಮಲಗಿ ಎದ್ದ ಬೆಳಗು ಅದು.

"ಪ್ರತಿ ವಾರ ಹಾಕ್ತೀನಿ, ನೋಡ್ತೀನಿ, ಆರಿಸ್ತೀನಿ," ಎಂದರು ಮಾವ. "ಏನಾದ್ರೂ ಒತ್ತಿ, ಅವಳು ಬಿಟ್ಟುಹೋದದ್ದು ಕೆಟ್ಟುಹೋದ್ರೆ ಅಂತ ಮುಟ್ಟಿಲ್ಲ. ನಾಲ್ಕು ವರ್ಷದಿಂದ ಇದೇ ಬೆಳಗ್ಗೆ."

"ಈಗ ಮುಟ್ಟಬಹುದು. ಅತ್ತೆ ಬಿಟ್ಟದ್ದು ಬಿಟ್ಟ ಹಾಗೇ ಮೂರು ಕಡೆ ಇದೆ."

"ಒಂದೂ ಹೋಗಲ್ಲ ತಾನೆ?"

"ಹೋಗಲ್ಲ."

ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. ಮೆಷಿನ್ನನ್ನು ಎರಡೂ ಕೈಯಲ್ಲಿ ಹಿಡಿದು ಬಟನ್ನುಗಳನ್ನೇ ದಿಟ್ಟಿಸಿದರು. ಊರಿನ ಅದೆಷ್ಟು ಮೆಷಿನ್ನುಗಳ ಬಟನ್ನು ಕಿತ್ತು ಹಾಕಿ ಸರಿಮಾಡಿದ ಮನುಷ್ಯ ಒಂದು ದಿನವೂ ಕೂತು ಆಡಿದವರಲ್ಲ ಎಂಬುದು ನನಗೆ ಹೊಳೆದದ್ದೇ ಆಗ.

"ನೀರು ಹಾಕೋದು ಯಾವುದರಲ್ಲೇ?" ಎಂದು ಮೆಲ್ಲಗೆ ಕೇಳಿದರು.

ತೋರಿಸಿದೆ. ಒಂದು ಪಾತಿಗೆ ಹಾಕಿದರು. ಮಣ್ಣು ಕಪ್ಪಾಯಿತು. ಪಕ್ಕದ್ದಕ್ಕೆ ಹೋದರು.