ಹಿತ್ತಲ ಒಲೆಯ ಎತ್ತರ

ನಾನು ಮದುವೆಯಾಗಿ ಸಿರುಗುಪ್ಪದಿಂದ ಬಳ್ಳಾರಿಗೆ ಬಂದದ್ದು ಎಪ್ಪತ್ತರ ದಶಕದ ಆರಂಭದಲ್ಲಿ. ಗಾಂಧಿನಗರದ ಆ ಮನೆಯಲ್ಲಿ ಇದ್ದವರು ಮೂವರೇ: ನಾನು, ನನ್ನ ಗಂಡ, ಅವರ ತಾಯಿ. ಗಂಡನಿಗೆ ಸರ್ಕಾರಿ ಕಚೇರಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸ. ಅತ್ತೆಗೆ ಅಡುಗೆ. ನಾನು ಬಂದ ಮೇಲೆ ಹೆಚ್ಚುವುದು, ತೊಳೆಯುವುದು ನನ್ನ ಪಾಲಿಗೆ ಬಂತು. ಒಲೆಯ ಮುಂದಿನ ಮಣೆಯನ್ನು ಮಾತ್ರ ಅವರು ಬಿಟ್ಟುಕೊಡಲಿಲ್ಲ.

ಅಡುಗೆಮನೆ ಮನೆಯ ನಟ್ಟನಡುವೆ ಇತ್ತು. ಗಾಳಿಗೆಂದು ಇದ್ದದ್ದು ಮಾಳಿಗೆಯ ಒಂದು ಗವಾಕ್ಷಿ. ಹತ್ತಿಕಟ್ಟಿಗೆ ಉರಿಸಿದರೆ ಹೊಗೆ ಮೊದಲು ಪಡಸಾಲೆಗೆ ಬಂದು, ಆಮೇಲೆ ಮನಸ್ಸು ಬಂದರೆ ಮೇಲೆ ಹೋಗುತ್ತಿತ್ತು. ನಾನು ಬಂದ ಎರಡನೆಯ ಬೇಸಿಗೆಯಲ್ಲಿ ಅತ್ತೆಯ ಕಣ್ಣು ಕೆಂಪಾಗಿ ನೀರು ಸುರಿಯತೊಡಗಿತು. ಹೊಗೆಯಿಂದ ದೂರ ಇರಬೇಕೆಂದು ಡಾಕ್ಟರು ಹೇಳಿದರು. ಹಿತ್ತಲಲ್ಲೇ ಒಂದು ಅಡುಗೆಮನೆ ಕಟ್ಟಿಸೋಣ ಎಂದು ಗಂಡ ಅಂದೇ ತೀರ್ಮಾನ ಮಾಡಿದರು.

ಮೂರು ಭಾನುವಾರ ಕೂತು ನಕ್ಷೆ ಬರೆದರು. ನಾಲ್ಕು ಗೋಡೆ, ಒಂದು ಕಿಟಕಿ, ಒಂದು ಬಾಗಿಲು, ಸೊಂಟದೆತ್ತರದ ಕಟ್ಟೆ, ಅದರ ಮೇಲೆ ಒಲೆ, ಹೊಗೆಗೊಂದು ಕೊಳವೆ. ಅಕ್ಷರ ಮುತ್ತಿನಂತಿದ್ದವು. ಊಟವಾದ ಮೇಲೆ ಪಡಸಾಲೆಯಲ್ಲಿ ಹಾಳೆ ಹರಡಿ, ಮೂಲೆಗೊಂದು ಬಟ್ಟಲು ಇಟ್ಟು ತಾಯಿಯನ್ನು ಕರೆದರು.

“ಇದೇನಿದು, ನಿಂತು ಅಡಗಿ ಮಾಡಬೇಕಾ?” ಎಂದರು ಅತ್ತೆ.

“ಹೌದವ್ವಾ, ಈಗ ಹೊಸ ಮನಿಗಳಾಗ ಎಲ್ಲಾರೂ ಹಂಗ ಕಟ್ಟಸ್ತಾರ.”

“ನಿಂತು ರೊಟ್ಟಿ ಬಡಿಯಾಕ ಆಗತೈತೇನು? ನಿಮ್ಮ ಆಫೀಸಿನಾಗ ಯಾರಾದ್ರೂ ರೊಟ್ಟಿ ಬಡದಾರೇನು?”

ಗಂಡ ನನ್ನ ಕಡೆ ತಿರುಗಿ, “ನೀನಾದ್ರೂ ಹೇಳು” ಎಂದರು. ಎತ್ತರದ ವಿಷಯಕ್ಕೆ ನಾನು ಹೋಗಲಿಲ್ಲ. “ನಾಕೂ ಕಡಿ ಗ್ವಾಡಿ ಎಬ್ಬಿಸಿದ್ರ ಹೊಗಿ ಎಲ್ಲಿಗೆ ಹೋಗಬೇಕ್ರಿ? ಆ ಒಂದು ಕೊಳವಿ ಸಾಲಂಗಿಲ್ಲ. ಇದು ಒಳಗಿನ ಅಡಗಿಮನೀನ ಹೊರಗ ತಂದಿಟ್ಟಂಗಾತು. ನಮ್ಮ ಸಿರುಗುಪ್ಪದಾಗ ಹಿತ್ತಲದಾಗ ಅರ್ಧ ಗ್ವಾಡಿ ಅಷ್ಟ ಇರತೈತಿ, ಮ್ಯಾಲೆ ಬಯಲು” ಎಂದೆ. ಅತ್ತೆ ನನ್ನ ಮಾತಿಗೆ ತಲೆಯಾಡಿಸಿದ್ದು ಅದೇ ಮೊದಲು. ಗಂಡ ರಬ್ಬರು ತಂದು ಗೋಡೆಗಳನ್ನು ಅರ್ಧಕ್ಕೆ ಇಳಿಸಿದರು. ಅಡುಗೆಮನೆ ಹಿತ್ತಲ ಆಗ್ನೇಯ ಮೂಲೆಯಲ್ಲೇ ಇರಬೇಕೆಂಬುದಕ್ಕೂ ಯಾರ ತಕರಾರೂ ಇರಲಿಲ್ಲ. ಉಳಿದದ್ದು ಒಲೆಯ ಎತ್ತರ ಒಂದೇ. ಅದಕ್ಕಾಗಿ ಒಂದೂವರೆ ತಿಂಗಳು ಕೆಲಸ ನಿಂತಿತು.

ಕೊನೆಗೆ ಕುರುಗೋಡಿನಿಂದ ಗಾರೆ ಕೆಲಸದ ಒಬ್ಬ ಗೌಂಡಿಯನ್ನು ಕರೆಸಿದರು. ಅರವತ್ತರ ಆಸುಪಾಸಿನ, ಕಡಿಮೆ ಮಾತಿನ ಮನುಷ್ಯ. ನಕ್ಷೆಯನ್ನು ಬಿಸಿಲಿಗೆ ಹಿಡಿದು ನೋಡಿ, “ಚಲೋ ಬರದೀರಿ ಸಾಹೇಬ್ರ. ಅಡಗಿ ಮಾಡೋರು ಯಾರು?” ಎಂದು ಕೇಳಿದ.

“ನಾನು” ಎಂದರು ಅತ್ತೆ.

ಆತ ಹಿತ್ತಲ ನೆಲದ ಮೇಲೆ ಸುಣ್ಣದ ಪುಡಿಯಿಂದ ಗೆರೆ ಎಳೆದ. “ಅವ್ವಾರ, ಇಲ್ಲೇ ಒಲಿ ಐತಿ ಅಂತ ತಿಳಕೊಂಡು ಕುಂಡರ್ರಿ.” ಅತ್ತೆ ಕೂತರು. ದಾರ ಹಿಡಿದು ಅವರ ಕೈ ಎಲ್ಲಿಯವರೆಗೆ ಹೋಗುತ್ತದೆ ಎಂದು ಅಳೆದ. “ಈಗ ಎದ್ದು, ಹಿಂದಿರೋ ಕೊಡ ತಗೋರಿ.”

“ಅಳತಿ ಸಿಕ್ಕತಲ್ಲಪ್ಪ, ಸಾಕು.”

“ಏಳೋವಾಗ ಎಷ್ಟು ಜಾಗ ಬೇಕು, ಅದನ್ನೂ ನೋಡಬೇಕ್ರಿ.”

ಅತ್ತೆ ನನ್ನತ್ತ ನೋಡಿ, “ನೀ ಒಳಗ ಹೋಗಿ ಇವರಿಗೆ ನೀರು ತಾ” ಎಂದರು. ನಾನು ಹೊರಟೆ. ಬಾಗಿಲ ತನಕ ಹೋಗಿ ಯಾಕೋ ತಿರುಗಿ ನೋಡಿದೆ. ಅವರು ಒಂದು ಅಂಗೈ ನೆಲಕ್ಕೂರಿ ಅರ್ಧ ಎದ್ದು, ಮತ್ತೆ ಕೂತುಬಿಟ್ಟರು. ಎರಡನೆಯ ಸಲ ಎದ್ದಾಗ ಪಕ್ಕಕ್ಕೆ ವಾಲಿದರು. ನಾನೂ ಗಂಡನೂ ಓಡಿಹೋಗಿ ರಟ್ಟೆ ಹಿಡಿದು ಎಬ್ಬಿಸಿದೆವು.

ಒಳಗಿನ ಒಲೆಯ ಪಕ್ಕ ಒಂದು ಮರದ ಕಂಬವಿತ್ತು. ಎರಡು ವರ್ಷ, ಪ್ರತಿದಿನ, ಅಡುಗೆ ಮುಗಿಯುವ ಹೊತ್ತಿಗೆ ಅವರು ನನಗೆ ಏನಾದರೂ ಕೆಲಸ ಹೇಳಿ ಹೊರಗೆ ಕಳಿಸುತ್ತಿದ್ದರು: ಉಪ್ಪು ತಾ, ಬಾಗಿಲಲ್ಲಿ ಯಾರೋ ಬಂದರು ನೋಡು. ತಿರುಗಿ ಬರುವಷ್ಟರಲ್ಲಿ ಕಂಬಕ್ಕೆ ಒರಗಿ ನಿಂತಿರುತ್ತಿದ್ದರು. ನಾನು ಒಲೆಯ ಹತ್ತಿರ ಸುಳಿಯುವುದು ಇವರಿಗೆ ಸೇರುವುದಿಲ್ಲ ಎಂದೇ ನಾನು ತಿಳಿದಿದ್ದೆ.

“ಯಾವಾಗಿಂದ ಹಿಂಗಾಗೇತವ್ವಾ?” ಎಂದು ಗಂಡ ಕೇಳಿದರು.

“ಏನಿಲ್ಲ. ಕಾಲು ಜೋಮು ಹಿಡದಿತ್ತು” ಎಂದು ಅತ್ತೆ ಒಳಗೆ ಹೋಗಿ ಮಲಗಿದರು. ಆ ದಿನ ಊಟ ಮಾಡಲಿಲ್ಲ. ಗೌಂಡಿ ತನ್ನ ದಾರ ಸುತ್ತಿಕೊಂಡು, ಎರಡು ದಿನ ಬಿಟ್ಟು ಬರುತ್ತೇನೆಂದು ಹೋದ.

ಮರುದಿನ ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಾ ಅವರಾಗಿಯೇ ಮಾತು ತೆಗೆದರು. “ಕುಂತು ಏಳಾಕ ಆಗಂಗಿಲ್ಲ ಅಂತ ಗೊತ್ತಾದ್ರ ಒಲಿ ನಿನ್ನ ಕೈಗೆ ಕೊಡು ಅಂತಾನ ನಿನ್ನ ಗಂಡ. ಅದಕ್ಕ ಸುಮ್ಮನಿದ್ದೆ.”

“ಒಲಿ ನಿಮ್ಮದ ಇರಲ್ರಿ ಅತ್ತಿ. ನಾ ಏನು ಕೇಳೀನಾ?” ಎಂದೆ. ನಿಜ ಹೇಳಬೇಕೆಂದರೆ ನನಗೂ ಒಲೆ ಬೇಕೆನಿಸಿತ್ತು. ಆದರೆ ಆ ಹೊತ್ತಿನಲ್ಲಿ ಬೇರೆ ಮಾತು ಬಾಯಿಗೆ ಬರಲಿಲ್ಲ.

“ಹಂಗಾರ ಆ ಗೌಂಡಿನ್ನ ಕರಸು.”

ಅಲ್ಲಿಂದ ಮುಂದೆ ನಕ್ಷೆ ಅವರ ಕೈಗೆ ಹೋಯಿತು. ಅವರು ಹೇಳುತ್ತಾ ಹೋದರು, ಮಗ ಬರೆಯುತ್ತಾ ಹೋದರು. ನಿಂತು ಅಡುಗೆ ಮಾಡುವುದಾದರೆ ಒಲೆ ಸೊಂಟಕ್ಕಿರಲಿ; ರೊಟ್ಟಿ ಬಡಿಯುವ ಕಲ್ಲು ಅದಕ್ಕಿಂತ ಒಂದು ಗೇಣು ಕೆಳಗಿರಲಿ, ತೋಳು ನೇರ ಇಳಿದರೇ ರೊಟ್ಟಿ ತೆಳ್ಳಗೆ ಬರುವುದು. ಕಟ್ಟಿಗೆ ಕಟ್ಟೆಯ ಕೆಳಗೆ ಬೇಡ, ಬಗ್ಗದೆ ಸಿಗುವಂತೆ ಪಕ್ಕದಲ್ಲಿರಲಿ. ಕಟ್ಟೆಯ ಅಂಚಿಗೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಸರಳು. ಇಷ್ಟು ಕೇಳಿದ ಮೇಲೆ ಗೌಂಡಿ ಅವರನ್ನು ನಿಲ್ಲಿಸಿ ಮೊಣಕೈ ಅಳೆದುಕೊಂಡ.

ಕಲ್ಲು ಆರಿಸಲು ನಾನೂ ಅತ್ತೆಯೂ ಬಸ್ಸಿನಲ್ಲಿ ಕುರುಗೋಡಿಗೆ ಹೋದೆವು. ಬಸ್ಸಿನ ಮೆಟ್ಟಿಲಲ್ಲಿ ಅವರು ಯಾರ ಸಂಕೋಚವೂ ಇಲ್ಲದೆ ನನ್ನ ಭುಜ ಹಿಡಿದುಕೊಂಡರು. ಗುಡ್ಡದ ಬುಡದಲ್ಲಿ ಕಲ್ಲು ಒಡೆಯುವವರು ನುಣುಪಾದ ಚಪ್ಪಡಿ ತೋರಿಸಿದರು. ಅತ್ತೆ ಅದರ ಮೇಲೆ ನೀರು ಹಾಕಿ, ಅಂಗೈಯಿಂದ ನಾಲ್ಕು ಸಲ ಬಡಿದು, “ಜಾರತೈತಿ, ಹಿಟ್ಟು ನಿಲ್ಲಂಗಿಲ್ಲ” ಎಂದು ಬಿಟ್ಟರು. ಐದನೆಯದು ಒಪ್ಪಿಗೆಯಾಯಿತು. ಕಲ್ಲು ಒಡೆಯುವವರು ಕೆಲಸ ನಿಲ್ಲಿಸಿ ನಗುತ್ತಾ ನೋಡುತ್ತಿದ್ದರು. ಇವರು ಗಮನಿಸಲೇ ಇಲ್ಲ.

ಶ್ರಾವಣಕ್ಕೆ ಅಡುಗೆಮನೆ ಮುಗಿಯಿತು. ಅರ್ಧ ಗೋಡೆ, ಮೇಲೆ ಮಂಗಳೂರು ಹೆಂಚು. ಮೊದಲ ದಿನ ಅತ್ತೆ ಇಪ್ಪತ್ತು ರೊಟ್ಟಿ ಮಾಡಿದರು. ಹೊಗೆ ಗಾಳಿಯ ದಾರಿ ಹಿಡಿದು ಹೋಯಿತು. ಆದರೆ ಮಧ್ಯಾಹ್ನಕ್ಕೆ ಅವರ ಪಾದಗಳು ಬಾತಿದ್ದವು. ಕೂರುವುದು ಕಷ್ಟವೆಂದು ಒಲೆಯನ್ನು ಮೇಲೆತ್ತಿದ್ದೆವು. ನಿಲ್ಲುವುದೂ ಸುಲಭವಲ್ಲವೆಂದು ಯಾರೂ ಯೋಚಿಸಿರಲಿಲ್ಲ. ಗಂಡ ತಾವು ಕಚೇರಿಯಲ್ಲಿ ನಕ್ಷೆ ಬರೆಯಲು ಕೂರುವಂಥದೇ ಎತ್ತರದ ಸ್ಟೂಲೊಂದನ್ನು ಬಡಿಗನಿಂದ ಮಾಡಿಸಿ ತಂದರು. ಅದು ಯಾವ ಹಾಳೆಯಲ್ಲೂ ಇರಲಿಲ್ಲ. ಅತ್ತೆ ಅದರ ತುದಿಗೆ ಆತು, ಅರ್ಧ ಕೂತು ಅರ್ಧ ನಿಂತು, ಏಳೆಂಟು ವರ್ಷ ಅಡುಗೆ ಮಾಡಿದರು.

ಎಂಬತ್ತರ ದಶಕದಲ್ಲಿ ಗ್ಯಾಸ್ ಬಂತು, ಅದು ಒಳಗೆ ಕೂತಿತು. ರೊಟ್ಟಿ ಮಾತ್ರ ಹಿತ್ತಲಲ್ಲೇ. ಅತ್ತೆಯ ಕೈ ಸೋತ ಮೇಲೆ ಆ ಕೆಲಸ ನನ್ನದಾಯಿತು. ನಾನು ಅವರಿಗಿಂತ ಎತ್ತರ. ಅವರ ಮೊಣಕೈ ಅಳತೆಗೆ ಕೂಡಿಸಿದ ಕಲ್ಲಿಗೆ ದಿನಾ ಬಗ್ಗಿ ನನ್ನ ಬೆನ್ನು ಹಿಡಿಯುತ್ತಿತ್ತು. ನಾನು ಯಾರಿಗೂ ಹೇಳಿರಲಿಲ್ಲ.

ಒಂದು ದಿನ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಅವರು ಮಗನನ್ನು ಕರೆದು, “ಆ ಕಲ್ಲಿನ ಕೆಳಗ ಎರಡು ಸಾಲು ಇಟ್ಟಿಗಿ ಏರಸು. ಆಕೀ ಬೆನ್ನು ನೋಡಾಕ ಆಗವಲ್ದು” ಎಂದರು.

ಆ ವಾರವೇ ಏರಿಸಿದರು. ಹೊಸ ಎತ್ತರ ಕೈಗೆ ಒಗ್ಗಲು ನನಗೆ ಹದಿನೈದು ದಿನ ಹಿಡಿಯಿತು. ಅಷ್ಟು ದಿನವೂ ರೊಟ್ಟಿಯ ಅಂಚು ಹರಿಯುತ್ತಿತ್ತು. ಅತ್ತೆ ಆ ರೊಟ್ಟಿಗಳನ್ನೇ ಹಾಲಿನಲ್ಲಿ ನೆನೆಸಿಕೊಂಡು ತಿಂದರು.